ಮೂಲೆಯ ಕಾವು

ಗೌಜಲಹಕ್ಕಿ ಎಂದು ಹೆಸರಿಟ್ಟವರು ಯಾರೋ ಏನೋ, ಗೌಜು ಮಾಡುವುದು ಆ ಹಕ್ಕಿಗೆ ಬರುವುದೇ ಇಲ್ಲ. ಗಂಡು ಆಗೊಮ್ಮೆ ಈಗೊಮ್ಮೆ ಗಂಟಲು ಕೆರೆದ ಹಾಗೆ ಮೂರು ಸಲ ಕೂಗಿ ಸುಮ್ಮನಾಗುತ್ತದೆ. ಹೆಣ್ಣುಗಳು ಪಕ್ಕದ ಮನೆಯ ಗುಟ್ಟು ಸಿಕ್ಕವರ ಹಾಗೆ ಪಿಸುಗುಡುತ್ತವೆ, ಅಷ್ಟೆ. ಗೌಜಲು ಸಾಕುತ್ತಿದ್ದ ಆ ಮನೆಯಲ್ಲಿ ಗೌಜು ಏನಿದ್ದರೂ ಅತ್ತೆಯದು. ಹಿಂದಿನ ಕೋಣೆಯ ಮೂಲೆಯಲ್ಲಿ ಮಣೆ ಹಾಕಿಕೊಂಡು, ಮಂಡಿನೋವಿದ್ದರೂ ಚಕ್ಕಳಮಕ್ಕಳ ಕೂತು, ಮಡಿಲ ತುಂಬ ಚುಕ್ಕೆಚುಕ್ಕೆ ಮೊಟ್ಟೆ ಇಟ್ಟುಕೊಂಡು ಒಂದೊಂದನ್ನೇ ಒರೆಸುತ್ತ, ಹಕ್ಕಿಗಳಿಗೂ ಲೋಕಕ್ಕೂ ಸೇರಿಸಿ ಬೈಯುತ್ತಿದ್ದರು. ಬಡಗಿಯಾದ ಮಗ ಗೂಡುಗಳನ್ನು ಮಾಡಿಕೊಟ್ಟಿದ್ದ. ಗೌಜಲು ಬೆದರಿದರೆ ಮುಂದಕ್ಕೆ ಓಡುವುದಿಲ್ಲ, ನೆಟ್ಟಗೆ ಮೇಲಕ್ಕೆ ಹಾರಿ ತಲೆ ಒಡೆದುಕೊಳ್ಳುತ್ತದೆ. ಅದಕ್ಕೇ ಗೂಡಿನ ಸೂರಿಗೆ ಒಳಗಿನಿಂದ ಬಟ್ಟೆ ಬಿಗಿದಿತ್ತು, ಸೊಸೆಯ ಹೊಲಿಗೆ ಮಿಷನ್ನಿನ ಕೆಳಗೆ ಬಿದ್ದ ತುಂಡುಗಳನ್ನು ಜೋಡಿಸಿ ಮಾಡಿದ್ದು. "ಥೇಟ್ ನಿಮ್ಮ ಮಾವನ ಬುದ್ಧಿ," ಎನ್ನುತ್ತಿದ್ದರು ಅತ್ತೆ. "ದಾರಿ ಎದುರಿಗೇ ಇರುತ್ತೆ, ಇವು ಹೋಗಿ ಸೂರು ಗುದ್ದುತ್ತವೆ."

ಸೊಸೆ ಮುಂದಿನ ಕೋಣೆಯಲ್ಲಿ ಕೂತು ಊರವರ ಬಟ್ಟೆ ಹೊಲಿಯುವವಳು. ಅವಳಿಗೂ ಅತ್ತೆಗೂ ಹೇಳಿಕೊಳ್ಳುವಂಥ ಜಗಳವಿರಲಿಲ್ಲ, ಹೇಳಿಕೊಳ್ಳುವಂಥ ಪ್ರೀತಿಯೂ ಇರಲಿಲ್ಲ. ಮುಂದಿನ ಕೋಣೆ ಒಬ್ಬರದು, ಹಿಂದಿನದು ಇನ್ನೊಬ್ಬರದು, ನಡುವಿನ ಅಡುಗೆಮನೆಯಲ್ಲಿ ಇಬ್ಬರೂ ಸಂಭಾಳಿಸಿಕೊಂಡಿದ್ದರು. ಮಗು ಹುಟ್ಟುವವರೆಗೆ ಹಾಗೇ ನಡೆಯಿತು.

ಮಗು ದಿನ ತುಂಬುವ ಮೊದಲೇ ಹುಟ್ಟಿತು. ಅಪ್ಪನ ಎರಡು ಅಂಗೈ ಸೇರಿಸಿದರೆ ಅದರಲ್ಲೇ ಮಲಗುವಷ್ಟು ಗಾತ್ರ. ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟು, ತೂಕ ಸ್ವಲ್ಪ ಏರಿದ ಮೇಲೆ ಮನೆಗೆ ಕಳಿಸಿದರು. ಕಳಿಸುವಾಗ ನರ್ಸು ಎರಡು ಮಾತು ಹೇಳಿದಳು. ಮಗುವನ್ನು ಯಾವಾಗಲೂ ಬೆಚ್ಚಗಿಡಿ, ತಣ್ಣಗಾದರೆ ಇಷ್ಟು ಸಣ್ಣ ಜೀವ ತಡೆಯುವುದಿಲ್ಲ. ಮತ್ತೆ, ಹಕ್ಕಿ ಮುಟ್ಟಿದ ಕೈಯನ್ನು ತೊಳೆಯದೆ ಮಗುವನ್ನು ಮುಟ್ಟಬೇಡಿ. ಎರಡನೆಯ ಮಾತಿನಲ್ಲಿದ್ದ 'ತೊಳೆಯದೆ' ಎಂಬುದು ಸೊಸೆಯ ಕಿವಿಗೆ ಬೀಳಲಿಲ್ಲವೋ, ಬಿದ್ದರೂ ಒಳಗೆ ಇಳಿಯಲಿಲ್ಲವೋ. ಹಾವೂ ಸಾಯದ ಹಾಗೆ ಕೋಲೂ ಮುರಿಯದ ಹಾಗೆ ಮಾತಾಡುವ ಜಾಣತನ ಅವಳಿಗೆ ಮೊದಲಿಂದಲೂ ಕಡಿಮೆ. ಮನೆಗೆ ಬಂದ ದಿನವೇ ಹೇಳಿಬಿಟ್ಟಳು: "ಅತ್ತೆ, ನೀವು ಮಗೂನ ಮುಟ್ಟಬೇಡಿ."

ಗೌಜು ಮಾಡುವ ಅತ್ತೆ ಅದಕ್ಕೆ ಗೌಜು ಮಾಡಲಿಲ್ಲ. ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಮೊಣಕೈವರೆಗೆ ತೊಳೆದುಕೊಂಡು ಬಂದು, ಸೆರಗಿಗೆ ಒರೆಸಿಕೊಳ್ಳದೆ, ಒದ್ದೆ ಕೈಯನ್ನು ಹಾಗೇ ಮುಂದೆ ಹಿಡಿದುಕೊಂಡು ಹೊಸ್ತಿಲ ಆಚೆ ನಿಂತರು. ದಿನವೂ ಹಾಗೆ ನಿಂತರು. ಕೈಯ ಚರ್ಮ ಬಿಳಿಚಿ ಸುಲಿಯತೊಡಗಿತು. ಸೊಸೆ ಹೊಸ್ತಿಲ ಕಡೆ ನೋಡಿದಾಗಲೆಲ್ಲ, "ಮುಟ್ಟಲ್ಲ ಕಣಮ್ಮಾ. ನೋಡೋ ಕಣ್ಣಿಗೂ ಸೋಪು ಹಾಕ್ಬೇಕಾ?" ಎಂದು ನಗುತ್ತಿದ್ದರು. ಒಂದು ಸಲ ಕೊಟ್ಟುಬಿಡೋಣ ಎಂದು ಸೊಸೆಗೂ ಅನ್ನಿಸಿದ್ದುಂಟು. ತೂಕ ಇನ್ನೂ ಸ್ವಲ್ಪ ಏರಲಿ, ಆಮೇಲೆ ಕೊಟ್ಟರಾಯಿತು ಎಂದುಕೊಂಡಳು.

ಆಮೇಲೆ ಎಂಬುದು ಬರಲಿಲ್ಲ. ಒಂದು ಬೆಳಿಗ್ಗೆ ಅತ್ತೆ ಮಣೆಯ ಮೇಲಿಂದ ಪಕ್ಕಕ್ಕೆ ವಾಲಿದವರು ಮತ್ತೆ ನೆಟ್ಟಗಾಗಲಿಲ್ಲ. ಮಗ ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಸೊಸೆ ಮಗುವನ್ನು ಬಿಟ್ಟು ಹೋಗುವಂತಿರಲಿಲ್ಲ. ಎಲ್ಲ ಮುಗಿದ ಮೇಲೆ ಗಂಡ ಬಂದು ಗೋಡೆಗೆ ಒರಗಿ ಕೂತು ಹೇಳಿದ, ಕೈ ಹಿಡಿದರೆ ಮಂಜುಗಡ್ಡೆ ಹಿಡಿದ ಹಾಗಿತ್ತಂತೆ, ಮಾತು ತೊದಲುತ್ತಿತ್ತಂತೆ, ಆದರೂ ಒಂದು ಮಾತು ಸ್ಪಷ್ಟವಾಗಿ ಬಂತಂತೆ. "'ಅವಳಿಗೆ ಹೇಳು, ನಾನು ಕಾಯ್ತೀನಿ ಅಂತ' ಅಂದ್ರು ಕಣೇ. ಅಷ್ಟೇ ಅಂದಿದ್ದು."

ಅವನಿಗೆ ಅದರಲ್ಲಿ ಗೊಂದಲವೇನೂ ಕಾಣಲಿಲ್ಲ. ಗಂಡ ಹೆಂಡತಿ ಹೊರಗೆ ಹೊರಟಾಗಲೆಲ್ಲ ಅವರು ಹೇಳುತ್ತಿದ್ದದ್ದು ಅದನ್ನೇ ತಾನೇ, ಹೋಗಿ ಬನ್ನಿ, ಮನೆ ನಾನು ಕಾಯ್ತೀನಿ. ಸತ್ತರೂ ಅಮ್ಮ ಮನೆ ಕಾಯುತ್ತಾರೆ ಎಂದು ಕಣ್ಣು ಒರೆಸಿಕೊಂಡ. ಸೊಸೆಗೆ ಹಾಗೆ ಕೇಳಲಿಲ್ಲ. ಬಸ್ಸಿಗೆ ಕಾಯುವುದೂ ಕಾಯುವುದೇ. ಕೊಡಬೇಕಾದ್ದನ್ನು ಕೊಡದವರ ಬಾಗಿಲಲ್ಲಿ ಕೂತು ಕಾಯುವುದೂ ಕಾಯುವುದೇ. ಅತ್ತೆ ಕಾಯುವುದಾದರೆ ಯಾರಿಗಾಗಿ ಕಾಯುತ್ತಾರೆ ಎಂದು ಯೋಚಿಸಿ ಅವಳು ಮಗುವನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡಳು. ಹೆದರಿಕೆ ಆ ಹೊತ್ತಿಗೇ ಹುಟ್ಟಿತು.

ಹಕ್ಕಿಗಳನ್ನೆಲ್ಲ ಮಾರಿಬಿಡುವುದು ಎಂದಾಯಿತು. ದೊಡ್ಡವನ್ನು ಒಬ್ಬ ಸಾಕುವವನು ಬಂದು ಬುಟ್ಟಿಯಲ್ಲಿ ತುಂಬಿಕೊಂಡು ಹೋದ. ಆದರೆ ಅತ್ತೆ ಬೀಳುವ ಮುಂಚೆ ಕರೆಂಟಿನ ಕಾವು ಪೆಟ್ಟಿಗೆಯಲ್ಲಿ ಮರಿ ಮಾಡಲು ಮೊಟ್ಟೆ ಇಟ್ಟಿದ್ದರು. ಗಂಡ ಪೆಟ್ಟಿಗೆಯ ವೈರು ಕೀಳಲು ಹೋದಾಗ ಒಳಗಿಂದ ಟಿಕ್ ಟಿಕ್ ಎಂದು ಸದ್ದಾಯಿತು. ಗೌಜಲ ಮರಿಗಳು ಮೊಟ್ಟೆಯೊಳಗಿಂದಲೇ ಒಂದಕ್ಕೊಂದು ಸದ್ದು ಕೊಟ್ಟುಕೊಳ್ಳುತ್ತವೆ, ಮುಂದಿರುವವು ತಡೆದು ಹಿಂದಿರುವವು ಬೇಗ ಮಾಡಿ ಎಲ್ಲವೂ ಒಟ್ಟಿಗೆ ಹೊರಬರುತ್ತವೆ. ಅವನಿಗೆ ಕೈ ಬರಲಿಲ್ಲ. ಮರುದಿನಕ್ಕೆ ಪೆಟ್ಟಿಗೆ ತುಂಬ ಹೆಬ್ಬೆಟ್ಟಿನ ಗಾತ್ರದ ಮರಿಗಳು, ಅತ್ತೆಯ ಮುಖವನ್ನೇ ಕಾಣದವು.

ಹೀಗೆ ಹಕ್ಕಿಯ ಕೆಲಸ ಸೊಸೆಯ ಪಾಲಿಗೆ ಬಂತು. ಗಂಡ ಹಿಂದಿನ ಕೋಣೆಯ ನೆಲಕ್ಕೆ ಮರದ ಹೊಟ್ಟು ಹರಡಿ, ನಡುವೆ ಕೈಗೆಟಕುವಷ್ಟು ಕೆಳಗೆ ಬಲ್ಬು ಇಳಿಬಿಟ್ಟು ಕೆಲಸಕ್ಕೆ ಹೋಗುತ್ತಿದ್ದ. ಮಿಕ್ಕಿದ್ದೆಲ್ಲ ಅವಳದು. ಮರಿ ನೀರಲ್ಲಿ ಮುಳುಗಿ ಸಾಯದ ಹಾಗೆ ತಟ್ಟೆಯಲ್ಲಿ ಗೋಲಿ ತುಂಬಿಡಬೇಕು. ಪ್ರತಿ ಸಲವೂ ಕೈ ತೊಳೆದು ಮಗುವಿನ ಹತ್ತಿರ ಹೋಗಬೇಕು. ಅವಳ ಕೈಯ ಚರ್ಮವೂ ಬಿಳಿಚಿ ಸುಲಿಯಿತು. ಅದನ್ನು ನೋಡಿಕೊಂಡಾಗ ಅವಳಿಗೆ ನಾಚಿಕೆಯಾಯಿತು.

ಬಲ್ಬಿನ ಕಾವು ಸರಿಯಿದೆಯೋ ಇಲ್ಲವೋ ಎಂದು ತಿಳಿಯಲು ಮರಿಗಳನ್ನು ನೋಡಿದರೆ ಸಾಕು. ಇದನ್ನು ಅತ್ತೆ ಬೈಗುಳದ ನಡುವೆ ನೂರು ಸಲ ಹೇಳಿದ್ದರು. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದಿದ್ದರೆ ಚಳಿ. ಗೋಡೆಗೆ ಅಂಟಿಕೊಂಡು ಬಾಯಿ ತೆರೆದಿದ್ದರೆ ಸೆಕೆ. ಬಲ್ಬಿನ ಸುತ್ತ ಚೆಲ್ಲಿದ ಕಾಳಿನ ಹಾಗೆ ಹರಡಿ ಮಲಗಿದ್ದರೆ ಎಲ್ಲ ಸರಿ. ಚಳಿಯಾದ ಮರಿ ಕಿವಿ ಕೊರೆಯುವ ಹಾಗೆ ಚೀರುತ್ತದೆ. "ಚೀರೋ ಮರಿಗೆ ಹೆದರಬೇಡ," ಎನ್ನುತ್ತಿದ್ದರು ಅತ್ತೆ, "ಚಳಿಯಲ್ಲಿ ಸುಮ್ಮನಾಯ್ತು ನೋಡು, ಆ ಮರಿಗೆ ಹೆದರು."

ಒಂದು ಮಧ್ಯಾಹ್ನ ಅವಳು ಕಾಳು ಹಾಕಲು ಹೋದಾಗ ಬಲ್ಬಿನ ಕೆಳಗೆ ಒಂದು ಮರಿಯೂ ಇರಲಿಲ್ಲ. ಎಲ್ಲವೂ ಮೂಲೆಯಲ್ಲಿದ್ದವು. ಸೆಕೆಯಿರಬೇಕೆಂದು ಬಲ್ಬನ್ನು ಒಂದು ಗೇಣು ಮೇಲೆತ್ತಿ ಕಟ್ಟಿದಳು. ಸಂಜೆಯೂ ಮೂಲೆಯಲ್ಲೇ ಇದ್ದವು. ಬಾಯಿ ತೆರೆದಿರಲಿಲ್ಲ, ಗೋಡೆಗೆ ಅಂಟಿರಲಿಲ್ಲ. ಆ ಮೂಲೆಯಲ್ಲಿ, ಬೇಸಿಗೆಯಲ್ಲೂ ಒಣಗದ ಆ ತಣ್ಣನೆ ಮೂಲೆಯಲ್ಲಿ, ಚೆಲ್ಲಿದ ಕಾಳಿನ ಹಾಗೆ ಹರಡಿ ಮಲಗಿದ್ದವು. ಅಲ್ಲಿದ್ದ ಮಣೆಯನ್ನು ಗಂಡ ಎಂದೋ ಅಟ್ಟಕ್ಕೆ ಹಾಕಿದ್ದ. ಈಗ ಅಲ್ಲಿ ಬರಿಯ ನೆಲ.

ಅವಳು ಬಗ್ಗಿ ನೋಡಿದಳು. ಮರಿಗಳು ತಾಯಿಯ ಪಕ್ಕೆಗೆ ಒರಗಿ ಮಲಗುವುದುಂಟು, ಗೋಡೆಗೆ ಒರಗುವುದುಂಟು. ಇವು ನಡುನೆಲದಲ್ಲಿ, ಪಕ್ಕದಲ್ಲಿ ಏನೂ ಇಲ್ಲದ ಕಡೆ, ಓರೆಯಾಗಿ ಒರಗಿ ನಿದ್ದೆ ಮಾಡುತ್ತಿದ್ದವು. ಒರಗಿದವು ಬೀಳುತ್ತಿರಲಿಲ್ಲ. ಸೊಸೆ ಕೈ ಚಾಚಿ ನೆಲ ಮುಟ್ಟಿದಳು, ನೆಲ ತಣ್ಣಗಿತ್ತು. ಕೈಯನ್ನು ಸ್ವಲ್ಪ ಮೇಲಕ್ಕೆತ್ತಿದಳು. ಅಲ್ಲಿ ಬೆಚ್ಚಗಿತ್ತು. ಅತ್ತಿತ್ತ ಆಡಿಸಿದರೆ ಎಡಕ್ಕೊಂದು ಬಲಕ್ಕೊಂದು ಬೆಚ್ಚನೆಯ ಉಬ್ಬು, ನಡುವೆ ತಗ್ಗು. ಚಕ್ಕಳಮಕ್ಕಳ ಕೂತವರ ಮಡಿಲು ಎಷ್ಟು ಎತ್ತರಕ್ಕೆ ಬರುತ್ತದೋ ಅಷ್ಟೇ ಎತ್ತರ. ಅವಳು ಕೈ ಹಿಂದಕ್ಕೆಳೆದುಕೊಂಡು ಹಾಗೇ ಹಿಂದೆ ಹಿಂದೆ ಸರಿದು ಬಾಗಿಲು ಹಾಕಿಕೊಂಡಳು.

ಗಂಡನಿಗೆ ಹೇಳಿದಾಗ ಅವನು ಗೋಡೆಯ ಆಚೆ ಯಾರದೋ ಒಲೆ ಇರಬೇಕು ಎಂದ. ಗೋಡೆಯ ಆಚೆ ಚರಂಡಿ ಬಿಟ್ಟರೆ ಏನೂ ಇರಲಿಲ್ಲ, ಅವಳು ಹೋಗಿ ನೋಡಿ ಬಂದಳು. ಅವನೂ ಮೂಲೆಗೆ ಹೋಗಿ ಕೈಯಿಟ್ಟ. ಬಹಳ ಹೊತ್ತು ಕೈ ತೆಗೆಯಲಿಲ್ಲ. ಹೊರಗೆ ಬಂದವನು, ಹೋಗಲಿ ಬಿಡು, ಕರೆಂಟಿನ ಬಿಲ್ಲು ಉಳಿಯಿತು ಎಂದ. ಅವನ ಕಣ್ಣು ಕೆಂಪಾಗಿತ್ತು. ಅವಳಿಗೆ ಅವನ ಮೇಲೆ ಸಿಟ್ಟು ಬಂತು. ಅವನಿಗೆ ಸತ್ತವಳು ತಾಯಿ, ಕಳೆದುಕೊಳ್ಳಲು ಇನ್ನೇನೂ ಉಳಿದಿರಲಿಲ್ಲ. ಕಳೆದುಕೊಳ್ಳುವುದು ಏನಾದರೂ ಇದ್ದರೆ ಅದು ತನ್ನ ತೋಳಿನಲ್ಲಿರುವ ಕೂಸು ಎಂದು ಅವಳ ಎಣಿಕೆ. ಅಂದಿನಿಂದ ಹಿಂದಿನ ಕೋಣೆಗೆ ಹೋಗುವಾಗ ಮಗುವನ್ನು ಗಂಡನ ಕೈಗೋ ಪಕ್ಕದ ಮನೆಯವರ ಕೈಗೋ ಕೊಟ್ಟು, ಬೇಗ ಬೇಗ ಕಾಳು ಚೆಲ್ಲಿ, ಮೂಲೆಯ ಕಡೆ ನೋಡದೆ ಬರುತ್ತಿದ್ದಳು. ಬೆನ್ನು ತಿರುಗಿಸಿದಾಗ ಬೆನ್ನಿಗೆ ಮಾತ್ರ ಬೆಚ್ಚಗಾಗುತ್ತಿತ್ತು.

ಆಮೇಲೆ ಆ ಗಾಳಿ ಬಂತು. ಚಳಿಗಾಲದ ನಡುವೆ ಎಂದೂ ಬೀಸದ ಗಾಳಿ, ರಸ್ತೆಯ ತಿರುವಿನ ಹಳೇ ಮರವನ್ನು ಬೇರುಸಹಿತ ಕಿತ್ತು ವೈರುಗಳ ಮೇಲೆ ಕೆಡವಿತು. ಇಡೀ ಬಡಾವಣೆಗೆ ಕರೆಂಟು ಹೋಯಿತು, ರಸ್ತೆಯೂ ಕಟ್ಟಿತು. ಸೊಸೆಗೆ ಆ ದಿನವೇ ಚಳಿಜ್ವರ. ಮಗುವನ್ನು ಎದೆಗಪ್ಪಿಕೊಂಡರೆ ಅವಳೇ ಗಡಗಡ ನಡುಗುತ್ತಿದ್ದಳು. ನೀರು ಬಿಸಿ ಮಾಡಿ ಬಾಟಲಿಗೆ ತುಂಬಿ ಮಗುವಿನ ಅಕ್ಕಪಕ್ಕ ಇಟ್ಟರು. ಮಧ್ಯಾಹ್ನದ ಹೊತ್ತಿಗೆ ಗ್ಯಾಸು ಮುಗಿಯಿತು, ಪಕ್ಕದ ಮನೆಗೂ ಬೀಗ ಬಿದ್ದಿತ್ತು. ಕೆಟ್ಟ ಕಾಲಕ್ಕೆ ಕಟ್ಟಿದ್ದೆಲ್ಲ ಬಿಚ್ಚುತ್ತದೆ. ಗಂಡ, ಆಸ್ಪತ್ರೆಗೆ ಹೋಗಲು ಹಾಲಿನ ವ್ಯಾನಿನವನನ್ನು ಕರೆದುಕೊಂಡು ಬರುತ್ತೇನೆ, ಮರ ಕಡಿದು ದಾರಿ ಮಾಡಿಯಾದರೂ ಬರುತ್ತೇನೆ ಎಂದು ಗರಗಸ ಹೆಗಲಿಗೆ ಹಾಕಿಕೊಂಡು ಓಡಿದ.

ಮಗು ಮೊದಲು ಅತ್ತಿತು. ಅವಳು ಇದ್ದಬದ್ದ ಬಟ್ಟೆಯನ್ನೆಲ್ಲ ಸುತ್ತಿದಳು, ಗಿರಾಕಿಗಳದ್ದನ್ನೂ ಬಿಡಲಿಲ್ಲ. ಪಾದ ಹಿಡಿದು ನೋಡಿದರೆ ತಣ್ಣಗಿತ್ತು. ಆಮೇಲೆ ಅಳು ಸಣ್ಣದಾಯಿತು. ಮೊಲೆ ಬಾಯಿಗಿಟ್ಟರೆ ಚೀಪಲಿಲ್ಲ. ಆಮೇಲೆ ಅಳು ನಿಂತೇ ಹೋಯಿತು, ತುಟಿಯ ಸುತ್ತ ಬಣ್ಣ ತಿರುಗಿತು. ಮನೆಯೆಲ್ಲ ಸದ್ದಡಗಿತು. ಆಗ ಅವಳಿಗೆ ಹೊಳೆದದ್ದು, ಹಿಂದಿನ ಕೋಣೆಯಿಂದಲೂ ಸದ್ದಿಲ್ಲ. ಕರೆಂಟು ಹೋಗಿ ಎಷ್ಟೋ ಹೊತ್ತಾಗಿದೆ, ಮರಿಗಳು ಒಂದೂ ಚೀರಿಲ್ಲ. ಸತ್ತಿರಬೇಕು ಎಂದುಕೊಂಡು, ಮಗುವನ್ನು ಎತ್ತಿಕೊಂಡೇ ಹೋಗಿ ಬಾಗಿಲು ತಳ್ಳಿದಳು.

ಕಿಟಕಿಯಿಂದ ಬೂದು ಬೆಳಕು ಬೀಳುತ್ತಿತ್ತು. ಬಲ್ಬು ಕಪ್ಪಗೆ ತೂಗುತ್ತಿತ್ತು. ಮರಿಗಳು ಮೂಲೆಯಲ್ಲಿ, ರೆಕ್ಕೆ ಸಡಿಲ ಬಿಟ್ಟು, ಓರೆಯಾಗಿ ಒರಗಿಕೊಂಡು, ಸುಖವಾಗಿ ನಿದ್ದೆ ಮಾಡುತ್ತಿದ್ದವು.

ಸೊಸೆ ಹೊಸ್ತಿಲ ಮೇಲೆ ನಿಂತಳು. ಒಳಗಿನಿಂದ ಬಂದ ಬಿಸುಪು ಅವಳ ಮುಖಕ್ಕೆ ತಾಗಿತು, ಒಲೆಯ ಮೇಲೆ ನೀರು ಕಾಯುವಾಗ ಬಗ್ಗಿದರೆ ತಾಗುವ ಹಾಗೆ. ನೀರು ಕಾಯುವುದೂ ಕಾಯುವುದೇ ಎಂದು ಅವಳಿಗೆ ಆಗ ಅರ್ಥವಾಯಿತು. ಮಂಜುಗಡ್ಡೆಯಂಥ ಕೈಯಲ್ಲಿ ಮಗನನ್ನು ಹಿಡಿದುಕೊಂಡು ಆ ಮುದುಕಿ ಹೇಳಿ ಕಳಿಸಿದ್ದು ಇದನ್ನೋ, ಅಥವಾ ಮೂರನ್ನೂ ಸೇರಿಸಿಯೋ. ಅರ್ಥವಾದರೂ ಹೆದರಿಕೆ ಹೋಗಲಿಲ್ಲ. ಬೆಚ್ಚಗೆ ಮಾಡುವವರು ತಿರುಗಿ ಕೊಡುತ್ತಾರೆ ಎಂದು ಯಾವ ಶಾಸನದಲ್ಲಿದೆ? ಕೊಡದಿದ್ದವಳು ತಾನು. ಆದರೆ ತೋಳಿನಲ್ಲಿ ಮಗು ಹಗುರಾಗುತ್ತಿತ್ತು.

"ಅತ್ತೆ," ಎಂದಳು. "ಕೊಡ್ತೀನಿ. ವಾಪಸ್ ಕೊಡಬೇಕು."

ಮರಿಗಳು ಕಣ್ಣು ಬಿಡದೆಯೇ ಅತ್ತಿತ್ತ ಸರಿದು ನಡುವೆ ಜಾಗ ಮಾಡಿದವು. ಅವಳು ಮಂಡಿಯೂರಿ ಬಗ್ಗಿದಳು. ಮಗುವನ್ನು ಇನ್ನೊಬ್ಬರ ಕೈಗೆ ದಾಟಿಸುವಾಗ, ಅವರು ಹಿಡಿದುಕೊಂಡರು ಎಂದು ತಿಳಿಯುವ ಒಂದು ಗಳಿಗೆ ಇರುತ್ತದೆ, ಹೆತ್ತವರಿಗೆಲ್ಲ ಅದು ಗೊತ್ತು. ಅವಳ ಕೈ ನೆಲ ಮುಟ್ಟುವ ಮುಂಚೆಯೇ ಮಗುವಿನ ಭಾರ ಕೈಯಿಂದ ಇಳಿದಿತ್ತು.

ಅವಳು ಅಲ್ಲೇ ಹೊಟ್ಟಿನ ಮೇಲೆ ಕೂತು ನೋಡಿದಳು. ತುಟಿಯ ಬಣ್ಣ ಮರಳಿತು. ಪಾದ ಕೆಂಪಾಯಿತು. ಮಗು ಬಾಯಿ ಚಪ್ಪರಿಸಿತು, ಕಣ್ಣು ಬಿಟ್ಟಿತು. ನೋಡಿದ್ದು ತಾಯಿಯನ್ನಲ್ಲ, ಮೇಲೆ, ಮಡಿಲಲ್ಲಿದ್ದ ಕೂಸಿಗೆ ಮುಖ ಕಾಣುವ ಕಡೆ. ಆಮೇಲೆ ಜೋರಾಗಿ ಅಳತೊಡಗಿತು. ಸೊಸೆ ಅವಸರದಲ್ಲಿ ಕೈ ಹಾಕಿದಳು. ಒಂದು ಕ್ಷಣ ಮಗು ಬರಲಿಲ್ಲ. ಆ ಕಡೆಯಿಂದ ಎಳೆದದ್ದಲ್ಲ, ಯಾರೋ ಇನ್ನೊಂದು ಸಲ ನೋಡಿಕೊಂಡು ಬಿಟ್ಟ ಹಾಗೆ, ಆಮೇಲೆ ಬಂತು. ಹಾಲು ಕುಡಿಯಿತು. ಕುಡಿದ ಮೇಲೆ ಅವಳ ನಡುಗುವ ಎದೆಯಲ್ಲಿ ಮತ್ತೆ ತಣ್ಣಗಾಯಿತು. ಅವಳು ಮತ್ತೆ ಕೊಟ್ಟಳು. ಮತ್ತೆ ಇಸಿದುಕೊಂಡಳು. ಸಂಜೆಯವರೆಗೆ ಹಾಗೇ ನಡೆಯಿತು, ಬದುಕಿದ್ದಾಗ ಒಂದು ಸಲವೂ ನಡೆಯದಿದ್ದದ್ದು. ಪ್ರತಿ ಸಲವೂ ಬಿಡುವುದು ಸ್ವಲ್ಪ ತಡವಾಗುತ್ತಿದೆ ಎಂದು ಅವಳಿಗೆ ಅನ್ನಿಸಿತು. ಜ್ವರದ ಭ್ರಮೆಯೋ ನಿಜವೋ, ಕೇಳಲು ಯಾರೂ ಇರಲಿಲ್ಲ.

ಇನ್ನೂ ಪೂರ್ತಿ ಕತ್ತಲಾಗುವ ಮೊದಲೇ ಗಂಡ ವ್ಯಾನು ತಂದ. ಕೈಯೆಲ್ಲ ಮರದ ಹುಡಿ. ಆಸ್ಪತ್ರೆಯ ಕಡೆ ಕರೆಂಟಿದೆಯಂತೆ, ಬೇಗ ಹೊರಡು ಎಂದ. ಅವಳು ಮಗುವನ್ನು ಎತ್ತಿಕೊಂಡು ಹೊಸ್ತಿಲು ದಾಟಿದಳು. ಹಿಂದಿನಿಂದ, ಇಡೀ ದಿನ ಸುಮ್ಮನಿದ್ದ ಮರಿಗಳೆಲ್ಲ ಒಮ್ಮೆಗೇ ಚೀರಿದವು. ಗಂಡ ತಿರುಗಿ ನೋಡಿ, ಇಷ್ಟು ಹೊತ್ತು ಚೆನ್ನಾಗಿದ್ದವಲ್ಲ, ಇವಕ್ಕೇನಾಯಿತು ಎಂದು ಕೇಳಿದ. ಮೂಲೆಯಲ್ಲಿ ಅವು ಒಂದರ ಮೇಲೊಂದು ಬಿದ್ದು ರಾಶಿಯಾಗುತ್ತಿದ್ದವು. ಬುಟ್ಟಿಗೆ ತುಂಬಿ ಕಂಬಳಿ ಹೊದಿಸಿ ಬನ್ನಿ ಎಂದಷ್ಟೇ ಸೊಸೆ ಹೇಳಿದಳು. ಮೂಲೆ ಈಗ ಖಾಲಿಯಾಗಿದೆ ಎಂದು ಅವಳಿಗೆ ಗೊತ್ತಾಗಿತ್ತು. ತೋಳಿನಲ್ಲಿ ಮಗು ಬೆಚ್ಚಗೇ ಇತ್ತು.

ವ್ಯಾನಿನಲ್ಲಿ ಅವಳು ಬಾಗಿಲಿಗೆ ಅಂಟಿಕೊಂಡು ಕೂತಳು. ಅಷ್ಟು ಜಾಗವಿದ್ದರೂ ಯಾಕೆ ಮುದುಡಿ ಕೂತಿದ್ದೀ ಎಂದು ಗಂಡ ಕೇಳಿದ್ದಕ್ಕೆ, ಸಾಕು, ಇಷ್ಟು ಸಾಕು ಎಂದಳು. ಅವಳ ಎಡತೋಳಿನುದ್ದಕ್ಕೂ ಬಿಸುಪು ಹತ್ತಿ ಕೂತಿತ್ತು. ಆಸ್ಪತ್ರೆಯ ಮೆಟ್ಟಿಲನ್ನು ಅವಳು ಆತುರದಲ್ಲಿ ಒಂದೇ ಉಸಿರಿಗೆ ಹತ್ತಿದಳು. ಅರ್ಧಕ್ಕೆ ಬಂದಾಗ ಮಗುವಿನ ಪಾದ ತಣ್ಣಗಾಯಿತು. ಅವಳು ತಡೆದು ನಿಂತಳು. ಅತ್ತೆಗೆ ಮಂಡಿನೋವು, ಮೆಟ್ಟಿಲು ಯಾವತ್ತೂ ನಿಧಾನ. ಗಂಡ ಮೇಲಿನಿಂದ ಕರೆಯುತ್ತಿದ್ದ, ಇವಳು ಕಂಬಿ ಹಿಡಿದುಕೊಂಡು ನಿಂತೇ ಇದ್ದಳು. ಸ್ವಲ್ಪ ಹೊತ್ತಿಗೆ ಎಡತೋಳು ಬೆಚ್ಚಗಾಯಿತು, ಪಾದವೂ ಬೆಚ್ಚಗಾಯಿತು. ಆಮೇಲೆ ಒಂದೊಂದೇ ಮೆಟ್ಟಿಲು ಹತ್ತಿದಳು.

ಸಣ್ಣ ಮಕ್ಕಳ ಕೋಣೆಯ ಬಾಗಿಲಲ್ಲಿ ನರ್ಸು ಮಗುವನ್ನು ಇಸಿದುಕೊಂಡು, ಬಟ್ಟೆ ಬಿಚ್ಚಿ, ಹೊಟ್ಟೆ ಮುಟ್ಟಿ ನೋಡಿ ಮೆಚ್ಚಿಕೊಂಡಳು. ಈ ಚಳಿಯಲ್ಲಿ, ಕರೆಂಟಿಲ್ಲದ ಮನೆಯಿಂದ ಬಂದ ಎಷ್ಟೋ ಮಕ್ಕಳನ್ನು ಇವತ್ತು ನೋಡಿದ್ದಳಂತೆ, ಇಷ್ಟು ಬೆಚ್ಚಗೆ ಇದ್ದದ್ದು ಇದೊಂದೇ ಅಂತೆ. ಪೆಟ್ಟಿಗೆಯಲ್ಲಿ ಮಲಗಿಸುತ್ತೇವೆ, ಬೆಳಗಿನವರೆಗೆ ನೋಡಬೇಕು ಎಂದಳು. ಆಮೇಲೆ ಬಾಗಿಲನ್ನು ಮೊಣಕೈಯಿಂದ ತೆರೆದು ಹಿಡಿದು ಹೇಳಿದಳು: "ಮಗು ಜೊತೆ ಒಬ್ಬರು ಮಾತ್ರ. ಒಬ್ಬರೇ ಒಳಗೆ ಬನ್ನಿ."

ಸೊಸೆ ಒಂದು ಹೆಜ್ಜೆ ಮುಂದಿಟ್ಟಳು. ಗಾಜಿನ ಪೆಟ್ಟಿಗೆ ಬಾಗಿಲಿನಿಂದಲೇ ಕಾಣುತ್ತಿತ್ತು, ಅದರ ಪಕ್ಕದಲ್ಲಿ ಒಂದೇ ಒಂದು ಸ್ಟೂಲು. ಅಲ್ಲಿ ಕೂತು ಗಾಜಿನ ತೂತಿನಿಂದ ಕೈ ಹಾಕಿ ಮಗುವಿನ ಬೆರಳು ಹಿಡಿದುಕೊಳ್ಳಬೇಕೆಂದು ಅವಳ ಜೀವ ಹಾತೊರೆಯಿತು. ಬಟ್ಟೆ ಬಿಚ್ಚಿದೊಡನೆ ಅಳತೊಡಗಿದ್ದ ಮಗುವಿನ ಅಳು ನರ್ಸಿನ ತೋಳಿನಲ್ಲಿ ಆಗಲೇ ಸಣ್ಣದಾಗುತ್ತಿತ್ತು. ಅವಳಿಗೆ ಕೇಳಿಸಿತು, ನರ್ಸಿಗೆ ಕೇಳಿಸಿದ ಹಾಗಿರಲಿಲ್ಲ.

ಅವಳು ಪಕ್ಕಕ್ಕೆ ಸರಿದು, ಹಿರಿಯರಿಗೆ ಬಿಡುವ ಹಾಗೆ, ದಾರಿ ಬಿಟ್ಟಳು. "ನೀವು ಹೋಗಿ," ಎಂದಳು. ಪಕ್ಕದ ಬೆಂಚಿನ ಮೇಲೆ ಕೂತಿದ್ದ ಗಂಡ ತನಗೆ ಹೇಳಿದಳೆಂದುಕೊಂಡು ಎದ್ದ. ಅವಳು ಅವನ ತೋಳು ಹಿಡಿದು ಮತ್ತೆ ಕೂರಿಸಿದಳು. ನರ್ಸು ಇಬ್ಬರ ಮುಖವನ್ನೂ ನೋಡಿ, ಇನ್ನೊಂದು ಗಳಿಗೆ ಬಾಗಿಲು ತೆರೆದು ಹಿಡಿದಿದ್ದು, ಯಾರೂ ಬರದ್ದರಿಂದ ಹಾಕಿಕೊಂಡಳು.

ಸೊಸೆಯ ಎಡತೋಳು ತಣ್ಣಗಾಗಿತ್ತು. ಒಳಗೆ ಮಗು ಒಂದು ಸಲ ಜೋರಾಗಿ ಅತ್ತು, ಆಮೇಲೆ ಎತ್ತಿಕೊಂಡಾಗ ಸಮಾಧಾನವಾಗುವ ಹಾಗೆ ಸುಮ್ಮನಾಯಿತು. ಇನ್ನು ಕೊಡುವುದು ಬಿಡುವುದು ಅತ್ತೆಗೆ ಸೇರಿದ್ದು. ಅವಳು ಮುಚ್ಚಿದ ಬಾಗಿಲ ಎದುರು, ಸೋಪಿಗೆ ಸುಲಿದ ಎರಡೂ ಕೈಯನ್ನು ಮುಂದೆ ಹಿಡಿದುಕೊಂಡು ನಿಂತಳು.